ತಗ್ಗು ಜಮೀನಿಗೆ ಮಣ್ಣು ತುಂಬಿಸುವ ಯೋಜನೆಗೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ದಾವಣಗೆರೆ ಸೀಮೆಯಲ್ಲಿ ಬೀಳುವ ಮಳೆ ಹೆಚ್ಚೇನಲ್ಲ. ಹೊನ್ನಾಳಿ, ಹರಿಹರಗಳಲ್ಲಿ ತುಂಗಭದ್ರಾ ಹೊಳೆ ದಂಡೆ ಮೀರುವುದು ಮಲೆನಾಡಿನ ಮಳೆಯಿಂದ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದಾದ್ದರಿಂದ ಮುಂಗಾರಿನ ಆರಂಭದಲ್ಲೇ ತುಂಬಿ, ಬಂದ ನೀರನ್ನೆಲ್ಲ ಹೊಳೆಗೆ ಬಿಡುತ್ತದೆ. ಭದ್ರಾ ಜಲಾಶಯವೂ ತನ್ನ ಪೂರ್ಣ ಮಟ್ಟವಾದ 186 ಅಡಿ ಮುಟ್ಟಿದ ವರ್ಷ ಎರಡೂ ನದಿಗಳ ಹೆಚ್ಚುವರಿ ನೀರು ಕೂಡ್ಲಿಯಲ್ಲಿ ಸೇರಿ ಒಟ್ಟಿಗೆ ಇಳಿದು ಬರುತ್ತದೆ. ಆ ನೀರು ಹರಡಿಕೊಳ್ಳುತ್ತಿದ್ದ ತಗ್ಗು ಗದ್ದೆಗಳಿಗೆ ಗರಸು ಹೊಡೆಸಿ, ಮಟ್ಟ ಮಾಡಿ, ನಿವೇಶನ ಮಾಡುವುದು ಸರಿಯೇ ಎಂಬ ಚರ್ಚೆ ಬಂದಾಗಲೆಲ್ಲ ಮಾತು ‘ಹೊಳೆಯಿಂದ ಎಷ್ಟು ಮೀಟರ್ ದೂರ’ ಎಂಬಲ್ಲಿಯೇ ಸುತ್ತುತ್ತದೆ. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿದ್ದ 75 ಮೀಟರ್ ಅಂತರವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದುಪಡಿಸಿದ್ದು ಕೂಡ ಇದೇ ಬಗೆಯ ವಾದದ ಕೊನೆಗೆ. ಆದರೆ ನೀರು ದೂರವನ್ನು ನೋಡುವುದಿಲ್ಲ, ಎತ್ತರವನ್ನು ನೋಡುತ್ತದೆ. ಆದ್ದರಿಂದ ಆಕ್ಷೇಪಣೆ ಸಲ್ಲಿಸುವವರು ಮಟ್ಟದ ಲೆಕ್ಕವನ್ನು ಕೈಯಲ್ಲಿ ಹಿಡಿದೇ ಹೋಗಬೇಕು.

ಮೊದಲು ದಾಖಲೆಗಳನ್ನು ಸಂಗ್ರಹಿಸಿ. ಗ್ರಾಮ ನಕ್ಷೆ, ಆ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ಮೂಲ ದಾಖಲೆ) ಮತ್ತು ಪಹಣಿ ಬೇಕು. ಪಹಣಿಯಲ್ಲಿ ‘ಬ’ ಖರಾಬು ಎಂದು ನಮೂದಾದ ವಿಸ್ತೀರ್ಣ ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಬಳಕೆಗೆ ಸೇರಿದ್ದು. ಹಳ್ಳಕೊಳ್ಳಗಳು ಸರ್ಕಾರದ ಸ್ವತ್ತೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮು ಹೇಳುತ್ತದೆ. ನಕ್ಷೆಯಲ್ಲಿ ಹಳ್ಳವಿದ್ದು ಜಮೀನಿನಲ್ಲಿ ಕಾಣದಿದ್ದರೆ ನಿಮ್ಮ ಆಕ್ಷೇಪಣೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಎರಡನೆಯದು ನೆರೆಯ ಗುರುತು ಪತ್ತೆ ಮಾಡುವುದು. 2019ರ ಆಗಸ್ಟ್‌ನಲ್ಲಿ ನೀರು ನಿಂತ ಕಲೆ ಶಾಲೆಯ ಗೋಡೆ, ಪಂಪ್‌ಹೌಸ್, ಗುಡಿಯ ಕಟ್ಟೆಗಳ ಮೇಲೆ ಉಳಿದಿರಬಹುದು. ಹಿರಿಯರನ್ನು ಕೇಳುವಾಗ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ. ಕಟ್ಟೆಯ ಮೇಲೆ ಗುಂಪಾಗಿ ಕೂತವರನ್ನು ಕೇಳಿದರೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಬೆಳೆನಷ್ಟ ಪರಿಹಾರಕ್ಕಾಗಿ ಬರೆದ ಮಹಜರಿನ ಪ್ರತಿ ತಾಲ್ಲೂಕು ಕಚೇರಿಯಲ್ಲಿ ಸಿಗುತ್ತದೆ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಉತ್ತರಕ್ಕೆ 30 ದಿನಗಳ ಗಡುವು ಇದೆ.

‘ಇಷ್ಟು ವರ್ಷ ಇಲ್ಲಿಗೆ ನೀರೇ ಬಂದಿಲ್ಲ’ ಎಂಬ ವಾದ ಎದುರಾಗುವುದು ಖಂಡಿತ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಉದಾಹರಣೆ ಅದಕ್ಕೆ ಸಾಕು: ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ವೇದಾವತಿಯ ಪಾತ್ರ ಎಲ್ಲಿದೆ ಎಂಬುದನ್ನೇ ಹೊಸ ತಲೆಮಾರು ಮರೆತಿದ್ದರೆ ಅಚ್ಚರಿಯಿಲ್ಲ.

ಮೂರನೆಯದೇ ಮುಖ್ಯ ಕೆಲಸ: ನೆರೆಯ ಗುರುತಿನ ಮಟ್ಟವನ್ನು ವಿವಾದಿತ ಜಮೀನಿನವರೆಗೆ ಒಯ್ಯುವುದು. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯ ನೀರನ್ನು ಗೋಡೆಯ ಕಲೆಗೆ ಸರಿಹೊಂದಿಸಿ, ಇನ್ನೊಂದು ತುದಿಯ ನೀರು ನಿಂತ ಎತ್ತರವನ್ನು ನೆಟ್ಟ ಗೂಟದ ಮೇಲೆ ಗುರುತಿಸಿ, ಅಲ್ಲಿಂದ ಮುಂದಿನ ಗೂಟಕ್ಕೆ ಹೀಗೆಯೇ ಸಾಗಬೇಕು. ಪ್ರತಿ ಗೂಟದಲ್ಲೂ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಆದ್ದರಿಂದ ಹೋದ ದಾರಿಯಲ್ಲೇ ಅಳೆಯುತ್ತಾ ಹಿಂತಿರುಗಿ, ಮೊದಲಿನ ಕಲೆಗೆ ಎಷ್ಟು ವ್ಯತ್ಯಾಸ ಬಂತೆಂದು ಬರೆದಿಡಿ. ಗುರುತು ದೂರದಲ್ಲಿದ್ದರೆ ಪೈಪನ್ನು ನಂಬದೆ, ಲೆವೆಲ್ ಯಂತ್ರವಿರುವ ಸರ್ವೆಯರನ್ನು ಕರೆಸಿ ಸಹಿ ಮಾಡಿದ ವರದಿ ಪಡೆಯುವುದೇ ವಾಸಿ. ಹೊಳೆಯ ನೀರಿನ ಮೇಲ್ಮೈಯೇ ಇಳಿಜಾರಾಗಿರುವುದರಿಂದ ದೂರದ ಊರಿನ ಗುರುತು ಇಲ್ಲಿಗೆ ಹೊಂದುವುದೂ ಇಲ್ಲ.

ಮಟ್ಟ ಸಿಕ್ಕ ಮೇಲೆ ಲೆಕ್ಕ ಸುಲಭ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ನೆರೆಯ ಮಟ್ಟಕ್ಕಿಂತ ಕೆಳಗಿರುವ ಒಂದು ಎಕರೆಯನ್ನು ಒಂದು ಮೀಟರ್ ಎತ್ತರಿಸಿದರೆ 40 ಲಕ್ಷ ಲೀಟರಿಗೂ ಹೆಚ್ಚು ನೀರು ನಿಲ್ಲುತ್ತಿದ್ದ ಜಾಗ ಇಲ್ಲವಾಗುತ್ತದೆ. ತುಂಗಭದ್ರೆಯ ಮಹಾಪೂರಕ್ಕೆ ಇದು ಲೆಕ್ಕಕ್ಕೇ ಇಲ್ಲ ಎಂದು ಜಮೀನಿನ ಮಾಲೀಕರು ಹೇಳಿದರೆ, ಒಂದೇ ಎಕರೆಯ ಮಟ್ಟಿಗೆ ಅವರ ಮಾತು ನಿಜ. ಅದನ್ನು ಒಪ್ಪಿಕೊಂಡೇ ಮುಂದುವರಿಯಿರಿ. ಸೂಳೆಕೆರೆ ಹಳ್ಳದಂಥ ಕಿರಿದಾದ ಹರಿವಿನಲ್ಲಿ ಮತ್ತು ಹೊಳೆ ಏರಿ ಹಳ್ಳದ ನೀರು ಹಿಮ್ಮೆಟ್ಟುವ ಕಡೆಗಳಲ್ಲಿ ಆ ಮಾತು ನಿಲ್ಲುವುದಿಲ್ಲ. ಅಕ್ಕಪಕ್ಕದ ಹತ್ತು ಜಮೀನುಗಳಿಗೂ ಮಣ್ಣು ಬಿದ್ದರೆ ಆಗುವುದನ್ನು ಒಟ್ಟಾಗಿ ಲೆಕ್ಕ ಹಾಕಿ ತೋರಿಸಿ.

ಕೊನೆಗೆ ಅರ್ಜಿ. ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಸಾರ್ವಜನಿಕರಿಗೆ 60 ದಿನಗಳ ಅವಕಾಶವಿದೆ. ಭೂಬಳಕೆ ಬದಲಾವಣೆಯ ಪ್ರಸ್ತಾವವನ್ನೂ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಒಳಪುಟದ ಸಣ್ಣ ಅಕ್ಷರಗಳ ಪ್ರಕಟಣೆಯನ್ನು ಓದುವ ಅಭ್ಯಾಸ ಊರಲ್ಲಿ ಒಬ್ಬರಿಗಾದರೂ ಇರಲಿ. ‘ಅನುಮತಿ ಕೊಡಬೇಡಿ’ ಎಂದಷ್ಟೇ ಬರೆದರೆ ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಷರತ್ತುಗಳನ್ನು ಕೇಳಿ: ತುಂಬುವ ಮಣ್ಣಿನ ಅಂತಿಮ ಮಟ್ಟವನ್ನು ನಕ್ಷೆಯಲ್ಲಿ ನಮೂದಿಸಬೇಕು, ತುಂಬಿದಷ್ಟೇ ಘನ ಅಳತೆಯ ಜಾಗವನ್ನು ಅದೇ ಮಟ್ಟದಲ್ಲಿ ಪಕ್ಕದಲ್ಲಿ ತೋಡಿ ಬಿಡಬೇಕು, ಬಡಾವಣೆಯ ಚರಂಡಿ ಎಲ್ಲಿಗೆ ಸೇರುತ್ತದೆ, ಅಲ್ಲಿನ ಮೋರಿಗೆ ಅಷ್ಟು ನೀರು ಹಿಡಿಯುವ ಶಕ್ತಿ ಇದೆಯೇ ಎಂದು ತೋರಿಸಬೇಕು. ಕೇಂದ್ರವು 1975ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಪ್ರವಾಹ ಬಯಲು ವಲಯೀಕರಣದ ಮಾದರಿ ಮಸೂದೆಯನ್ನು ಮಣಿಪುರ, ರಾಜಸ್ಥಾನದಂಥ ಕೆಲವೇ ರಾಜ್ಯಗಳು ಕಾಯ್ದೆಯಾಗಿಸಿದವು. ಆಸ್ಪತ್ರೆ, ವಿದ್ಯುತ್ ಸ್ಥಾವರಗಳು 100 ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲೆ, ವಸತಿ ಪ್ರದೇಶಗಳು 25 ವರ್ಷದ ನೆರೆಗಿಂತ ಮೇಲೆ ಇರಬೇಕು, ಅದಕ್ಕಿಂತ ತಗ್ಗಿನಲ್ಲಿ ಉದ್ಯಾನ, ಆಟದ ಮೈದಾನ ಇರಲಿ ಎಂಬ ಅದರ ವಿಚಾರವನ್ನು ಅರ್ಜಿಯಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ.

ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮಣ್ಣು ಬೀಳುವ ಮೊದಲೇ ಗೂಟಗಳ ಸಮೇತ ಜಮೀನಿನ ಫೋಟೊ ತೆಗೆದು ಲಗತ್ತಿಸಿ. ಒಮ್ಮೆ ಟಿಪ್ಪರ್ ಬಂದು ಹೋದ ಮೇಲೆ ಮೂಲ ಮಟ್ಟ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಸಿಗುವುದು ಕಷ್ಟ.