ಸೊಪ್ಪು ಹುಲುಸು, ಗಡ್ಡೆ ಮಾತ್ರ ಸಣ್ಣ: ಮೂಲಂಗಿಗೆ ಜಾಗ ಮಾಡಿಕೊಡಿ

ಮೂಲಂಗಿ ಸೊಪ್ಪು ಮೊಣಕಾಲೆತ್ತರ ಬೆಳೆದಿರುತ್ತದೆ. ಕಿತ್ತು ನೋಡಿದರೆ ಗಡ್ಡೆ ಕಿರುಬೆರಳಷ್ಟೇ. ಬೀಜವೇ ಸರಿಯಿಲ್ಲ ಅನ್ನುವ ಮೊದಲು ಮಣ್ಣು ಎಷ್ಟು ಸಡಿಲವಿತ್ತು, ಗಿಡಗಳ ನಡುವೆ ಎಷ್ಟು ಜಾಗವಿತ್ತು ನೋಡಿ.

ಮೊದಲು ಮಣ್ಣು. ಒಂದು ಹಿಡಿ ತೆಗೆದು ಉಂಡೆ ಕಟ್ಟಿ, ಬೆರಳಲ್ಲಿ ತಟ್ಟಿ. ಪುಡಿಯಾದರೆ ಹದ ಬಂದಿದೆ, ಒಂದಡಿ ಆಳಕ್ಕೆ ಅಗೆಯಿರಿ. ಅಂಟಂಟಾಗಿದ್ದರೆ ಎರಡು ದಿನ ಕಾಯಿರಿ. ಒದ್ದೆ ಮಣ್ಣನ್ನು ಅಗೆದು ತುಳಿದರೆ ಒಣಗಿದ ಮೇಲೆ ಕಲ್ಲಿನಂಥ ಹೆಂಟೆಯಾಗುತ್ತದೆ. ಅದರೊಳಗೆ ಗಾಳಿ ಆಡುವುದಿಲ್ಲ. ಬೇರಿಗೂ ಉಸಿರಾಡಬೇಕಲ್ವಾ? ಕಲ್ಲುಗಳನ್ನು ಆರಿಸಿ ತೆಗೆಯಿರಿ. ತಾಯಿಬೇರಿನ ತುದಿಗೆ ಪೆಟ್ಟಾದರೆ ಪಕ್ಕದ ಬೇರುಗಳು ದಪ್ಪವಾಗಿ ಗಡ್ಡೆ ಕವಲೊಡೆಯುತ್ತದೆ. ಹಸಿ ಸಗಣಿ ಹಾಕಿದರೂ ಹೀಗಾಗಬಹುದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಯೂರಿಯಾ ಜಾಸ್ತಿಯಾದರೆ ಬೆಳೆಯುವುದು ಸೊಪ್ಪೇ.

ಸಾಲಿನಿಂದ ಸಾಲಿಗೆ ಒಂದಡಿ ಬಿಟ್ಟು, ಅರ್ಧ ಇಂಚು ಆಳದಲ್ಲಿ ಬೀಜ ಹಾಕಿ. ಬೆಳೆಯುವ ಜಾಗದಲ್ಲೇ ಬಿತ್ತಬೇಕು. ಸಸಿ ಮಾಡಿ ನೆಟ್ಟರೆ ತಾಯಿಬೇರಿಗೆ ಪೆಟ್ಟು ಬೀಳುತ್ತದೆ.

ಮುಖ್ಯ ಕೆಲಸ ಇರುವುದು ಸುಮಾರು ಹತ್ತು ದಿನದ ನಂತರ. ಉದ್ದನೆಯ ಬಿಳಿ ಮೂಲಂಗಿಯಾದರೆ ನಾಲ್ಕು ಇಂಚಿಗೆ ಒಂದು ಸಸಿ ಉಳಿಸಿ, ಮಿಕ್ಕಿದ್ದನ್ನು ಕೀಳಬೇಕು. ಹುಟ್ಟಿದ ಗಿಡ ಕೀಳಲು ಮನಸ್ಸು ಬರುವುದಿಲ್ಲ, ನಿಜ. ಮೊದಲ ಸಲ ನಾನೂ ಕೀಳಲಿಲ್ಲ. ಪಾತಿ ತುಂಬ ಬಾಲದಂಥ ಬೇರು. ಆದರೆ ಬೀಜ ಸರಿಯಾಗಿ ಹುಟ್ಟದ ಒಂದು ಮೂಲೆಯಲ್ಲಿ ಒಂಟಿಯಾಗಿ ನಿಂತ ಗಿಡದ ಗಡ್ಡೆ ನನ್ನ ಮುಂಗೈ ದಪ್ಪ ಇತ್ತು! ಅದೇ ಬೀಜ, ಅದೇ ಮಣ್ಣು, ಅದೇ ನೀರು.

ಒತ್ತಾಗಿ ನಿಂತ ಗಿಡಗಳು ಒಂದರ ನೆರಳಲ್ಲಿ ಇನ್ನೊಂದು ಸಿಕ್ಕಿಕೊಂಡು, ಬಿಸಿಲಿಗಾಗಿ ಮೇಲೆ ಮೇಲೆ ಚಾಚುತ್ತವೆ. ಎಲೆ ತಯಾರಿಸಿದ ಆಹಾರ ಅಲ್ಲೇ ಖರ್ಚಾಗಿ, ಗಡ್ಡೆಗೆ ಇಳಿಯುವುದು ಕಡಿಮೆ. ಮಣ್ಣೊಳಗೂ ನೀರಿಗೆ ಪೈಪೋಟಿ.

ಕೀಳುವ ಮೊದಲು ನೀರು ಹಾಕಿ. ಉಳಿಸುವ ಸಸಿಯ ಬುಡವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಪಕ್ಕದ್ದನ್ನು ಎಳೆಯಿರಿ. ತೀರಾ ಹತ್ತಿರವಿದ್ದರೆ ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ಕಿತ್ತ ಎಳೆ ಸಸಿಗಳಿಗೆ ಬೇಳೆ ಸೇರಿಸಿದರೆ ಒಳ್ಳೆ ಪಲ್ಯ.

ನಲವತ್ತೈದು ದಿನದ ಹೊತ್ತಿಗೆ ಗಡ್ಡೆಯ ತಲೆ ಮಣ್ಣಿನಿಂದ ಮೇಲೆ ಕಾಣುತ್ತದೆ. ಇನ್ನೂ ದಪ್ಪವಾಗಲಿ ಅಂತ ಬಿಡಬೇಡಿ, ಒಳಗೆ ಬೆಂಡಾಗುತ್ತದೆ.