ಬಣ್ಣ ಬಿಡುವ ಬ್ಯಾಕ್ಟೀರಿಯಾ, ಬಿಡದ ಬ್ಯಾಕ್ಟೀರಿಯಾ

ಹೊಸ ಹತ್ತಿ ಸೀರೆಯ ಮೂಲೆ ನೆನೆಸಿ, ಬಣ್ಣ ಬಿಡುತ್ತದಾ ಅಂತ ನೋಡುತ್ತೇವೆ ಅಲ್ವಾ? ಲ್ಯಾಬಿನಲ್ಲಿ ಬ್ಯಾಕ್ಟೀರಿಯಾಗಳಿಗೂ ಹೆಚ್ಚುಕಮ್ಮಿ ಇದೇ ಪರೀಕ್ಷೆ. ಹೆಸರು ಗ್ರಾಂ ಸ್ಟೇನಿಂಗ್. ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳಲ್ಲಿ ಬ್ಯಾಕ್ಟೀರಿಯಾ ಹುಡುಕುವಾಗ ಕಂಡುಕೊಂಡ ವಿಧಾನ ಇದು. 1884ರಲ್ಲಿ, ಬರ್ಲಿನ್‌ನಲ್ಲಿ ಇದ್ದಾಗ ಪ್ರಕಟಿಸಿದರು.

ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ, ತಾಜಾ ಇರಲಿ, 24 ಗಂಟೆ ದಾಟಿರಬಾರದು. ಹಳೆಯದಾದರೆ ಗ್ರಾಂ ಪಾಸಿಟಿವ್, ಅಂದರೆ ಬಣ್ಣ ಬಿಡದ ಬ್ಯಾಕ್ಟೀರಿಯಾ ಕೂಡ ಬಣ್ಣ ಬಿಡುತ್ತದೆ. ಸ್ಲೈಡ್ ಮೇಲೆ ಒಂದು ಹನಿ ನೀರು ಹಾಕಿ, ಲೂಪಿನಿಂದ (ತುದಿಯಲ್ಲಿ ಕುಣಿಕೆ ಇರುವ ತಂತಿ) ಚೂರೇ ಚೂರು ಕಲ್ಚರ್ ತೆಗೆದು ತೆಳ್ಳಗೆ ಸವರಿ. ತಾನಾಗಿ ಒಣಗಲಿ. ಆಮೇಲೆ ಬರ್ನರ್ ಉರಿಯ ಮೇಲೆ ಎರಡು ಮೂರು ಸಲ ಸರ್ರನೆ ಹಾಯಿಸಿದರೆ ಅಂಟಿಕೊಳ್ಳುತ್ತದೆ. ಈಗ ಬರ್ನರ್ ಆರಿಸಿ, ಮುಂದೆ ಆಲ್ಕೋಹಾಲ್ ಕೆಲಸ ಇದೆ.

ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಒಂದು ನಿಮಿಷ, ತೊಳೆಯಿರಿ. ಅಯೋಡಿನ್ ಒಂದು ನಿಮಿಷ, ತೊಳೆಯಿರಿ. ನೂಲಿಗೆ ಬಣ್ಣ ಹಾಕುವವರು ಪಟಿಕ ಬಳಸುವ ಹಾಗೆ, ಇಲ್ಲಿ ಬಣ್ಣ ಹಿಡಿದಿಡುವುದು ಅಯೋಡಿನ್. ಈ ಹಂತದಲ್ಲಿ ಎಲ್ಲವೂ ನೇರಳೆ.

ಈಗ ಆಲ್ಕೋಹಾಲ್. ನನ್ನ ಪ್ರಕಾರ ಇಡೀ ಪರೀಕ್ಷೆ ನಿಂತಿರುವುದು ಈ ಕೆಲವೇ ಸೆಕೆಂಡುಗಳ ಮೇಲೆ. ಸ್ಲೈಡ್ ಓರೆಯಾಗಿ ಹಿಡಿದು ಹನಿ ಹನಿಯಾಗಿ ಬಿಡಿ. ಹರಿದು ಬರುವ ಹನಿಯಲ್ಲಿ ನೇರಳೆ ಕಾಣದ ತಕ್ಷಣ ನೀರು ಹಾಯಿಸಿ. ಸಾಮಾನ್ಯವಾಗಿ 10ರಿಂದ 15 ಸೆಕೆಂಡು ಸಾಕು, ಆದರೆ ಗಡಿಯಾರಕ್ಕಿಂತ ಕಣ್ಣನ್ನು ನಂಬಿ. ಜಾಸ್ತಿಯಾದರೆ ಎಲ್ಲವೂ ಬಣ್ಣ ಬಿಡುತ್ತದೆ. ಕಮ್ಮಿಯಾದರೆ ಯಾವುದೂ ಬಿಡುವುದಿಲ್ಲ. ಸವರಿದ ಪದರ (ಸ್ಮಿಯರ್) ದಪ್ಪವಿದ್ದರೂ ಇದೇ ಗೋಳು.

ವ್ಯತ್ಯಾಸ ಇರುವುದು ಗೋಡೆಯಲ್ಲಿ. ಗ್ರಾಂ ಪಾಸಿಟಿವ್‌ಗೆ ಪೆಪ್ಟಿಡೋಗ್ಲೈಕನ್ ಎಂಬ ಬಲೆಯಂಥ ವಸ್ತುವಿನ ದಪ್ಪ ಗೋಡೆ. ಆಲ್ಕೋಹಾಲ್ ತಾಗಿದರೆ ಅದು ಬಿಗಿಯಾಗಿ, ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತದೆ. ಬಣ್ಣ ಬಿಡುವ ಗ್ರಾಂ ನೆಗೆಟಿವ್‌ನ ಗೋಡೆ ತೆಳು. ಅದರ ಹೊರಗಿನ ಕೊಬ್ಬಿನ ಪೊರೆಯನ್ನು ಆಲ್ಕೋಹಾಲ್ ಕರಗಿಸುತ್ತದೆ, ಬಣ್ಣ ಸೋರಿ ಹೋಗುತ್ತದೆ.

ಹೀಗೆ ಬಿಳಿಚಿಕೊಂಡವು ಕಾಣಲಿ ಅಂತ ಸಾಫ್ರನಿನ್ ಎಂಬ ಕೆಂಪು ಬಣ್ಣ ಒಂದು ನಿಮಿಷ. ತೊಳೆದು, ಒಣಗಿಸಿ, ಎಣ್ಣೆ ಹನಿ ಹಾಕಿ 100ಎಕ್ಸ್ ಲೆನ್ಸಿನಲ್ಲಿ ನೋಡಿ. ಸ್ಟೆಫಿಲೋಕಾಕಸ್ ದ್ರಾಕ್ಷಿ ಗೊಂಚಲಿನಂಥ ನೇರಳೆ ಚುಕ್ಕೆಗಳಾಗಿ, ಇ. ಕೋಲಿ ಗುಲಾಬಿ ಕಡ್ಡಿಗಳಾಗಿ ಕಾಣುತ್ತವೆ. ಗೊತ್ತಿರುವ ಈ ಎರಡನ್ನೂ ಅದೇ ಸ್ಲೈಡಿನ ಪಕ್ಕದಲ್ಲಿ ಸವರಿಟ್ಟರೆ, ಕೈ ತಪ್ಪಿದ್ದು ಆಗಲೇ ಗೊತ್ತಾಗುತ್ತದೆ.

ಮಿದುಳು ಜ್ವರದ ರೋಗಿಗೆ ಕಲ್ಚರ್ ವರದಿ ಬರಲು ಒಂದೆರಡು ದಿನ ಬೇಕು. ಬೆನ್ನಿನ ನೀರಿನ ಗ್ರಾಂ ಸ್ಟೇನ್ ನಿಮಿಷಗಳಲ್ಲಿ ಸುಳಿವು ಕೊಡಬಲ್ಲದು.

ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಇದಕ್ಕೆ ಜಗ್ಗುವುದಿಲ್ಲ, ಅದರ ಗೋಡೆಯಲ್ಲಿ ಮೇಣದಂಥ ಕೊಬ್ಬು. ಅದಕ್ಕೆ ಜೀಲ್-ನೀಲ್ಸನ್ ವಿಧಾನ: ಕಾರ್ಬಾಲ್ ಫುಕ್ಸಿನ್ ಹಾಕಿ ಬಿಸಿ ಮಾಡಬೇಕು. ಆಮೇಲೆ ಆಸಿಡ್ಡಿನಲ್ಲಿ ತೊಳೆದರೂ ಅದು ಕೆಂಪು ಬಿಡುವುದಿಲ್ಲ.