ಮನೆಯಂಗಳದಲ್ಲೇ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸಿದ್ದು

ಗಾಡಿ ಓಡುವಾಗ ಏನೂ ಇಲ್ಲ, ನಿಂತರೆ ಆಯಿಲ್ ಸುಟ್ಟ ವಾಸನೆ. ನಮ್ಮ ವ್ಯಾಗನ್ ಆರ್‌ದು ಇದೇ ಕಥೆ. ಬಾಗಲಕೋಟೆ ಬಿಟ್ಟು ಕೊಲ್ಹಾರ ಸೇತುವೆ ದಾಟಿ ವಿಜಯಪುರ ಮುಟ್ಟುವ ತನಕ ತೆಪ್ಪಗಿರುತ್ತಿತ್ತು. ಊರೊಳಗೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಕೂಡಲೇ ಎಸಿ ಜಾಲರಿಯಿಂದ ಮೂಗಿಗೆ ಬಡಿಯುತ್ತಿತ್ತು. ಬಾನೆಟ್ ಎತ್ತಿದರೆ ಇಂಜಿನ್ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಅಂಚಿಗುಂಟ ಕರಿ ಜಿಡ್ಡು, ಅದರ ಮೇಲೆ ಎರಿ ಮಣ್ಣಿನ ಧೂಳು ಕೂತು ಹೆಪ್ಪುಗಟ್ಟಿದೆ. ಅಲ್ಲಿಂದ ಒಸರಿದ ಆಯಿಲ್ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನಿಂದ ಹೊಗೆ ಹೊರಬರುವ ಪೈಪು) ಮೇಲೆ ಇಳಿದು ಸುಡುತ್ತಿತ್ತು.

"ಬೋಲ್ಟ್ ಒಂದೀಟು ಬಿಗಿ ಮಾಡಿ ಕೊಡ್ತೀನಿ ತಗೋರಿ ಸರ್, ನಿಲ್ಲತೈತಿ" ಅಂದರು ಪರಿಚಯದ ಮಿಸ್ತ್ರಿ. ನಾನು ಒಪ್ಪಲಿಲ್ಲ. ಕವರಿಗೂ ಅದರ ಕೆಳಗಿನ ಇಂಜಿನ್ ಹೆಡ್ಡಿಗೂ ನಡುವಿನ ಸಂದು ಮುಚ್ಚುವ ರಬ್ಬರ್ ಪ್ಯಾಕಿಂಗ್ ವರ್ಷಗಟ್ಟಲೆ ಇಂಜಿನ್ ಕಾವು ಕುಡಿದು ಬಿರುಸಾಗಿ ಚಪ್ಪಟೆಯಾಗಿರುತ್ತದೆ. ಒತ್ತಿದರೆ ಉಬ್ಬಿ ಸಂದು ತುಂಬುವ ಗುಣವೇ ಅದರಲ್ಲಿ ಉಳಿದಿರುವುದಿಲ್ಲ. ಇನ್ನೂ ಬಿಗಿದರೆ ಕವರ್ ಬಾಗುತ್ತದೆ, ಇಲ್ಲವೇ ಹೆಡ್ಡಿನ ಅಲ್ಯೂಮಿನಿಯಂ ಆಟೆ (ಬೋಲ್ಟ್ ಕಚ್ಚಿಕೊಳ್ಳುವ ತಿರುಪಿನ ಗೆರೆ) ಕಿತ್ತು ಬರುತ್ತದೆ. ಪ್ಯಾಕಿಂಗ್‌ಗೆ ಆಗುವ ಖರ್ಚು ಮನೆಮಂದಿಯೆಲ್ಲ ಒಂದು ಹೊತ್ತು ಖಾನಾವಳಿಯಲ್ಲಿ ರೊಟ್ಟಿ ಉಂಡಷ್ಟು. ಆಟೆ ಹೋದರೆ ಹೆಡ್ಡನ್ನೇ ಲೇಥ್ ಅಂಗಡಿಗೆ ಒಯ್ಯಬೇಕು.

ನಮ್ಮದು 998 ಸಿಸಿ, ಮೂರು ಸಿಲಿಂಡರಿನ ಕೆ10ಬಿ ಇಂಜಿನ್. ಅಂಗಡಿಯಲ್ಲಿ ಕೇಳುವಾಗ ಸುತ್ತಿನ ಪ್ಯಾಕಿಂಗ್ ಜತೆಗೆ ಸ್ಪಾರ್ಕ್ ಪ್ಲಗ್ ಬಾವಿಗಳ ಸುತ್ತ ಕೂರುವ ಸೀಲುಗಳನ್ನೂ ಕೇಳಿ ತಗೊಳ್ಳಿ. ಅವು ಸೋತರೆ ಆಯಿಲ್ ಪ್ಲಗ್ ಬಾವಿಯಲ್ಲಿ ನಿಂತು, ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ನ ರಬ್ಬರ್ ಉಬ್ಬಿ, ಇಂಜಿನ್ ಮಿಸ್ ಹೊಡೆಯಲು ಶುರುವಾಗುತ್ತದೆ. ಹೊರಗೆ ಹನಿ ಕಾಣದಿದ್ದರೂ ಒಳಗೆ ಕೆರೆ ಇರಬಹುದು.

ನವನಗರದ ಮನೆಯಂಗಳದಲ್ಲಿ ಬೆಳಗಿನ ಜಾವ ಕೆಲಸ ಹಿಡಿದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು ಅನ್ನುವುದು ಒಂದು, ಹೊತ್ತೇರಿದರೆ ಗಾಳಿ ಎದ್ದು ಧೂಳು ತರುತ್ತದೆ ಅನ್ನುವುದು ಇನ್ನೊಂದು. "ಏನ್ ತಮ್ಮಾ, ಗ್ಯಾರೇಜ್ ಇಟ್ಟಿಯೇನು?" ಅಂತ ಬಾಜು ಮನೆ ಕಾಕಾ ಗೋಡೆ ಮೇಲಿಂದ ಇಣುಕಿದರು. ಹೋಗಲೇ ಇಲ್ಲ, ಟಾರ್ಚ್ ಹಿಡಿಯುವ ಕೆಲಸ ಅವರಿಗೇ ಬಿತ್ತು.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಏರ್ ಫಿಲ್ಟರ್ ಡಬ್ಬಿ, ಪೈಪುಗಳು, ಆಮೇಲೆ ಮೂರು ಇಗ್ನಿಷನ್ ಕಾಯಿಲ್. ಕಾಯಿಲ್ ಕನೆಕ್ಟರಿನ ಪ್ಲಾಸ್ಟಿಕ್ ಲಾಕ್ ಕಾವಿಗೆ ಒಣಗಿರುತ್ತದೆ. ವಾಯರ್ ಹಿಡಿದು ಜಗ್ಗದೆ ಲಾಕ್ ಒತ್ತಿ ಸಾವಕಾಶ ಬಿಡಿಸಿ. ಕಾಯಿಲುಗಳಿಗೆ 1, 2, 3 ಅಂತ ಗುರುತು ಹಾಕಿದ್ದೆ. ಕವರ್ ಬಿಚ್ಚುವ ಮೊದಲೇ ಮೇಲಿನ ಧೂಳನ್ನೆಲ್ಲ ಬ್ರಶ್‌ನಿಂದ ಉಜ್ಜಿ ತೆಗೆಯುವುದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಕವರ್ ಎತ್ತಿದ ಮೇಲೆ ಆ ಮಣ್ಣೆಲ್ಲ ಸೀದಾ ಕ್ಯಾಮ್‌ಶಾಫ್ಟ್ ಮೇಲೆಯೇ ಬೀಳುತ್ತದೆ.

ಬೋಲ್ಟುಗಳಿಗೆ 10ರ ಸಾಕೆಟ್ ಸಾಕು. ಹೊರಗಿನಿಂದ ಒಳಕ್ಕೆ ಅಷ್ಟಷ್ಟೇ ಸಡಿಲಿಸುತ್ತ ಬಂದೆ. ಕವರ್ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಹೆಡ್ಡಿಗೆ ಗೀರು ಬಿದ್ದು ಹೊಸ ಸೋರಿಕೆಗೆ ನಾವೇ ದಾರಿ ಮಾಡಿಕೊಟ್ಟಂತೆ. ರಬ್ಬರ್ ಸುತ್ತಿಗೆಯಿಂದ ಮೂಲೆಗಳಿಗೆ ಮೆಲ್ಲಗೆ ತಟ್ಟಿದಾಗ ಬಿಟ್ಟಿತು.

ಒಳಗೆ ನೋಡಿದರೆ ಹಿಂದೆ ಯಾರೋ ಪ್ಯಾಕಿಂಗ್ ಸುತ್ತಲೂ ಸಿಲಿಕೋನ್ ಸೀಲಂಟ್ ಮೆತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ರಬ್ಬರ್ ಪ್ಯಾಕಿಂಗ್‌ಗೆ ಅದು ಬೇಡವೇ ಬೇಡ. ಹಚ್ಚಿದರೆ ಪ್ಯಾಕಿಂಗ್ ಜಾರುತ್ತದೆ. ಒಳಕ್ಕೆ ಉಕ್ಕಿದ ಸಿಲಿಕೋನ್ ಎಳೆ ಕಿತ್ತು ಆಯಿಲ್ ಜತೆ ಇಳಿದು ಇಂಜಿನ್ ತಳದ ಆಯಿಲ್ ತೊಟ್ಟಿಯ (ಸಂಪ್) ಜಾಲರಿಗೆ ಸಿಕ್ಕಿಕೊಂಡರೆ ಆಯಿಲ್ ಪ್ರೆಶರೇ ಬೀಳಬಹುದು. ಸೀಲಂಟ್ ಬೇಕಾಗುವುದು ಟೈಮಿಂಗ್ ಚೈನ್ ಕವರ್ ಬಂದು ಹೆಡ್ಡಿಗೆ ಸೇರುವ ಎರಡು ಸಂದುಗಳಲ್ಲಿ ಮಾತ್ರ, ಅದೂ ಒಂದೊಂದು ಹನಿ.

ಆ ಹಳೇ ಸಿಲಿಕೋನ್ ತೆಗೆಯುವುದಕ್ಕೇ ಬೆಳಗಿನ ಹೆಚ್ಚಿನ ಹೊತ್ತು ಹೋಯಿತು. ತೆರೆದ ಹೆಡ್ಡನ್ನು ಎಳೆ ಬಿಡದ ಬಟ್ಟೆಯಿಂದ ಮುಚ್ಚಿ, ಅಂಚನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದೆ. ಕೊನೆಗೆ ಬ್ರೇಕ್ ಕ್ಲೀನರನ್ನು ಬಟ್ಟೆಗೆ ಹೊಡೆದುಕೊಂಡು ಒರೆಸಿದೆ, ಹೆಡ್ಡಿನೊಳಕ್ಕೆ ಹೊಡೆಯಲಿಲ್ಲ. ಬೆರಳಾಡಿಸಿದರೆ ಗಾಜಿನ ಮೇಲೆ ಆಡಿಸಿದ ಹಾಗೆ ನುಣ್ಣಗೆ, ಒಣಗಿ ಇರಬೇಕು. ಕವರಿನಲ್ಲಿ ಪ್ಯಾಕಿಂಗ್ ಕೂರುವ ತೋಡನ್ನೂ ತೊಳೆದು, ಅದರಲ್ಲಿ ನೀರಿನ ಪಸೆ ಉಳಿಯದಂತೆ ಬಿಸಿಲಿಗೆ ಇಟ್ಟೆ. ನಮ್ಮ ಕಡೆ ಬಿಸಿಲಿಗೇನು ಬರ.

ಹೊಸ ಪ್ಯಾಕಿಂಗನ್ನು ಕವರಿನ ಆ ತೋಡಿನಲ್ಲಿ ಎಲ್ಲೂ ತಿರುಚದಂತೆ ಒತ್ತಿ ಕೂರಿಸಿದೆ. ಕವರ್ ನೇರ ಇಳಿಸಿ, ಬೋಲ್ಟುಗಳನ್ನು ಮೊದಲು ಬರೀ ಕೈಯಿಂದ ತಿರುಗಿಸಿ, ಆಮೇಲೆ ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ ಬಿಗಿದೆ. ಇಂಥ 6 ಮಿ.ಮೀ. ಬೋಲ್ಟಿಗೆ ಬೇಕಾದ್ದು ಸುಮಾರು 8 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ್ದೇ ಅಂತಿಮ. ಗಾಲಿ ಬಿಗಿಯುವ ದೊಡ್ಡ ಟಾರ್ಕ್ ರೆಂಚ್ ಇಲ್ಲಿ ದಂಡ. ಇಷ್ಟು ಸಣ್ಣ ಅಳತೆ ಅದಕ್ಕೆ ತಿಳಿಯುವುದೇ ಇಲ್ಲ. ಕಾಲಿಂಚಿನ ಸಾಕೆಟ್ ಕೂರುವ ಸಣ್ಣ ಟಾರ್ಕ್ ರೆಂಚ್ ಬಳಸಿ. "ಇಷ್ಟ ಸಾಕೇನೋ?" ಅಂತ ಕಾಕಾಗೆ ನಂಬಿಕೆಯೇ ಬರಲಿಲ್ಲ.

ಬಾನೆಟ್ ಮುಚ್ಚುವ ಮೊದಲು, ಇಂಜಿನ್ನಿನ ಒಳಗಾಳಿ ಹೊರಬಿಡುವ ಪಿಸಿವಿ ವಾಲ್ವ್ ಬಿಚ್ಚಿ ಅಲುಗಾಡಿಸಿ ನೋಡಿದೆ, ಟಕಟಕ ಅಂದಿತು. ಸದ್ದಿಲ್ಲದೆ ಜಿಡ್ಡಿನಿಂದ ಕಟ್ಟಿದ್ದರೆ ಅದನ್ನೂ ಬದಲಿಸಿ. ಇಲ್ಲದಿದ್ದರೆ ಇಂಜಿನ್ನಿನ ಒಳಗಾಳಿ ಹೊರಹೋಗಲು ದಾರಿ ಸಿಗದೆ ಹೊಸ ಪ್ಯಾಕಿಂಗ್ ಸಂದಿನಿಂದಲೂ ಆಯಿಲ್ ನೂಕುತ್ತದೆ.

ಚೈನ್ ಕವರಿನ ಆ ಎರಡು ಸಂದುಗಳಿಗೆ ಹಚ್ಚಿದ ಸೀಲಂಟ್ ಒಣಗಲೆಂದು ಮರುದಿನದ ತನಕ ಚಾಲೂ ಮಾಡಲಿಲ್ಲ. ಮೊದಲ ಸಲ ಓಡಿಸಿದಾಗ ಹೊಗೆ, ಮತ್ತೆ ಅದೇ ವಾಸನೆ ಬಂತು. ಮ್ಯಾನಿಫೋಲ್ಡ್ ಮೇಲೆ ಉಳಿದಿದ್ದ ಹಳೇ ಆಯಿಲ್ ಸುಟ್ಟು ಮುಗಿಯುವ ತನಕ ಅದು ಇದ್ದದ್ದೇ. ಅಂಚು ಮಾತ್ರ ಒಣಗೇ ಇದೆ. ನಿಮ್ಮಲ್ಲಿ ಹೊಸ ಪ್ಯಾಕಿಂಗ್ ಆದಮೇಲೂ ಒಂದೇ ಮೂಲೆ ಒದ್ದೆಯಾಗುತ್ತಿದ್ದರೆ, ಕವರ್ ಬೋಲ್ಟ್ ಮುಟ್ಟುವ ಮೊದಲು ಕ್ಯಾಮ್‌ಶಾಫ್ಟ್ ಸೆನ್ಸರಿನ ಓ-ರಿಂಗ್ (ಸುತ್ತಲಿನ ರಬ್ಬರ್ ಉಂಗುರ) ನೋಡಿ. ಅಲ್ಲಿಂದ ಸೋರಿದ್ದೂ ಪ್ಯಾಕಿಂಗಿನಿಂದಲೇ ಸೋರಿದ ಹಾಗೆ ಕಾಣುತ್ತದೆ.